ಹೆಸರಿನ ಬೇರು

"ಆಕ್ಷೀ..!"

ಮೊದಲು ಸೀನಿದ್ದು ಮುಂದಿನ ಬೆಂಚಿನ ನೀಲಾ. ಅವಳ ಬೆನ್ನಿಗೇ ದುರ್ಗೇಶ. ಆಮೇಲೆ ಒಬ್ಬರ ಹಿಂದೆ ಒಬ್ಬರಂತೆ ಇಡೀ ಕ್ಲಾಸೇ ಸೀನತೊಡಗಿತು!

ಬೋರ್ಡಿನ ಮೇಲೆ 'ವಿಂಡೋ' ಎಂದು ಬರೆದು ನಿಂತಿದ್ದ ಜ್ಯೋತ್ಸ್ನಾಳ ಕಣ್ಣಲ್ಲೂ ನೀರು. ರಾಣೇಬೆನ್ನೂರಿನ ಬಸ್‌ಸ್ಟ್ಯಾಂಡ್ ಹತ್ತಿರ, ಮಹಡಿಯ ಮೇಲಿದ್ದ ಆ ಪುಟ್ಟ ಸ್ಪೋಕನ್ ಇಂಗ್ಲಿಷ್ ಕ್ಲಾಸಿನೊಳಗೆ ಒಮ್ಮೆಲೇ ಒಗ್ಗರಣೆ ಸೀದ ಹಾಗೆ ಘಾಟು ತುಂಬಿಕೊಂಡಿತ್ತು.

ಬಾಗಿಲಲ್ಲಿ ಒಬ್ಬ ನಿಂತಿದ್ದ. ಬಿಳಿ ಅಂಗಿ... ಬೆಳಿಗ್ಗೆ ಹಾಕಿಕೊಂಡಾಗ ಬಿಳಿ ಇದ್ದಿರಬೇಕು! ಈಗ ಮೊಣಕೈ ತನಕ ಕೆಂಪು ಧೂಳು.

"ಒಳಗ ಬರ್ಲೇನ್ರಿ ಮೇಡಮ್ಮರ? ಹೊಸಾ ಅಡ್ಮಿಷನ್."

"ಮೊದಲು ಯಾರಾದ್ರೂ ಆ ಕಿಡಕಿ ತೆಗೀರಿ!" ಜ್ಯೋತ್ಸ್ನಾ ದುಪಟ್ಟಾದಲ್ಲಿ ಮೂಗು ಮುಚ್ಚಿಕೊಂಡು ಸಿಡುಕಿದಳು. "ಏನ್ರೀ ಇದು? ಮೆಣಸಿನಕಾಯಿ ಚೀಲದಾಗ ಬಿದ್ದು ಎದ್ದು ಬಂದೀರೇನು?"

"ಹಂಗ ಅನಕೋರಿ. ಬ್ಯಾಡಗಿ ಮಾರ್ಕೆಟ್‌ನಿಂದ ಸೀದಾ ಬಂದೇನಿ. ಇವತ್ತ ಕಾಯಿ ಹರಾಜಿನ ಟೆಂಡರ್ ಇತ್ತು." ಅವನು ಯಾರಿಗೂ ಕಾಯದೆ ತಾನೇ ಕಿಟಕಿಯ ಕಡೆ ನಡೆದ. "ತಡೀರಿ, ಗಾಳಿಯ ಕಣ್ಣು ನಾನ ತೆಗೀತೇನಿ."

ಜ್ಯೋತ್ಸ್ನಾ ಬೆರಗಾದಳು. ವಿಂಡೋ ಎಂಬ ಪದ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು, ಅದರ ಮೂಲ ಅರ್ಥ 'ಗಾಳಿಯ ಕಣ್ಣು' ಎಂದು ಅವಳು ಹೇಳಿ ಇನ್ನೂ ಎರಡು ನಿಮಿಷ ಆಗಿರಲಿಲ್ಲ. ಹಾಗಾದರೆ ಹೊರಗೆ ನಿಂತು ಪಾಠ ಕೇಳಿದ್ದಾನೆ!

"ಅಂಜಬ್ಯಾಡ್ರಿ ಎಲ್ಲಾರೂ. ಇದು ನಮ್ಮ ಬ್ಯಾಡಗಿ ಕಾಯಿ. ಬಣ್ಣ ಭಾಳ, ಖಾರ ಕಡಿಮಿ."

"ಇದು ಕಡಿಮಿ ಖಾರಾನ?" ಎಂದಳು ಕಣ್ಣೊರೆಸಿಕೊಳ್ಳುತ್ತ.

"ಇದು ಬರೇ ಪರಿಚಯ ಅಂತ ತಿಳೀರಿ."

ಕ್ಲಾಸು ಗೊಳ್ಳೆಂದಿತು. ಜ್ಯೋತ್ಸ್ನಾಳಿಗೆ ಸಿಟ್ಟು ಬಂದಿತ್ತು, ನಿಜ. ಆದರೆ ಆ ಸಿಟ್ಟಿಗೆ ನಗೆಯನ್ನು ತಡೆಯುವ ತಾಕತ್ತು ಇರಲಿಲ್ಲ!

"ಹೆಸರು?"

"ಟಿ. ಜಿ. ಕಾಗಿನೆಲ್ಲಿ."

"ಟಿ ಅಂದ್ರ?"

ಅವನು ಕ್ಷಣ ತಡೆದ. "ಎಲ್ಲಾರೂ ಕಾಗಿನೆಲ್ಲಿ ಅಂತನ ಕರೀತಾರ್ರಿ."

* * *

ಜ್ಯೋತ್ಸ್ನಾ ಹಾವೇರಿಯ ವಕೀಲ ಮಲ್ಲಿಕಾರ್ಜುನ ಅವರ ಒಬ್ಬಳೇ ಮಗಳು. ಇಂಗ್ಲಿಷ್ ಎಂ.ಎ. ಮುಗಿಸಿ, ದಿನಾ ಬಸ್ಸಿನಲ್ಲಿ ರಾಣೇಬೆನ್ನೂರಿಗೆ ಬಂದು ಕ್ಲಾಸು ನಡೆಸುತ್ತಿದ್ದಳು. ಬಾಯಿಪಾಠ ಮಾಡಿಸುವುದೆಂದರೆ ಅವಳಿಗಾಗದು. "ಪದದ ಬೇರು ಹಿಡೀರಿ, ಪದ ತಾನಾಗಿ ಉಳೀತದ" ಎನ್ನುವುದು ಅವಳ ಮಂತ್ರ. 'ಪದದ ಬೇರು' ಎಂಬ ಹೆಸರಿನಲ್ಲೇ ಫೋನಿನಲ್ಲಿ ಸಣ್ಣ ಸಣ್ಣ ವಿಡಿಯೋ ಮಾಡಿ ಹಾಕುತ್ತಿದ್ದಳು. ಜಿಲ್ಲೆಯ ಕಾಲೇಜು ಹುಡುಗಿಯರೆಲ್ಲ ನೋಡುತ್ತಿದ್ದರು.

ಕಾಗಿನೆಲ್ಲಿಯದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದ ಮನೆ. ತಂದೆ ಗುಡದಪ್ಪ ತೀರಿಕೊಂಡ ಮೇಲೆ ಎಲ್ಲ ಭಾರ ಇವನದೇ. ಕಾಯಿ ಕೊಳ್ಳುವ ಹೊರದೇಶದವರು ಫೋನಿನ ಪರದೆ ಮೇಲೆ ಮುಖ ತೋರಿಸಿ ಮಾತಾಡಿಸಿದರೆ, ಮಾರ್ಕೆಟ್ಟಿನಲ್ಲಿ ಗುಡುಗುವ ಈ ಮನುಷ್ಯ 'ಎಸ್ ಸರ್, ನೋ ಸರ್' ಎಂದು ಬೆವರುತ್ತಿದ್ದ. ಅದಕ್ಕೇ ಈ ಕ್ಲಾಸು.

ಆದರೆ ಅವನು ಪದಗಳನ್ನು ಕಲಿಯುವ ರೀತಿಯೇ ಬೇರೆ. 'ಮಸಲ್' ಎಂಬ ಪದಕ್ಕೆ ಲ್ಯಾಟಿನ್‌ನಲ್ಲಿ 'ಪುಟ್ಟ ಇಲಿ' ಎಂದರ್ಥ, ತೋಳು ಮಡಚಿದರೆ ಚರ್ಮದಡಿ ಇಲಿ ಓಡಿದಂತೆ ಕಾಣುತ್ತದಲ್ಲ, ಅದಕ್ಕೆ ಎಂದಳು ಒಂದು ದಿನ.

"ನಮ್ಮ ಹಮಾಲರ ತೋಳಿನಾಗ ಇಲಿ ಅಲ್ರಿ ಮೇಡಮ್ಮರ, ಹೆಗ್ಗಣ ಅದಾವ!"

ಇನ್ನೊಂದು ದಿನ 'ಕಂಪ್ಯಾನಿಯನ್' ಪದ ಬಂತು. ಅದರ ಬೇರು, ಜೊತೆಯಲ್ಲಿ ರೊಟ್ಟಿ ತಿನ್ನುವವನು. ಮರುದಿನ ಕ್ಲಾಸು ಮುಗಿದ ಮೇಲೆ ಅವನು ಅವಳ ಟೇಬಲ್ಲಿನ ಮೇಲೆ ಬಿಳಿ ಬಟ್ಟೆಯ ಗಂಟೊಂದನ್ನು ಇಟ್ಟ. ಖಡಕ್ ರೊಟ್ಟಿ, ಕೆಂಪು ಚಟ್ನಿ.

"ಏನಿದು?"

"ಹೋಂವರ್ಕ್ ರೀ."

ಮುರಿದ ರೊಟ್ಟಿಯ ಅರ್ಧ ಅವಳ ಕೈಗಿಟ್ಟು, ಉಳಿದರ್ಧ ತಾನು ತಿಂದ. ಅಂದು ಹಾವೇರಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಜ್ಯೋತ್ಸ್ನಾ ಇಳಿಯಬೇಕಾದ ಸ್ಟಾಪು ದಾಟಿ ಮುಂದೆ ಹೋಗಿದ್ದಳು!

'ಇದೇನಾಯಿತು ನನಗೆ...' ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಹೇಳಿಕೊಳ್ಳಲು ಧೈರ್ಯವಿರಲಿಲ್ಲ, ಅಷ್ಟೇ.

* * *

ತಪ್ಪು ಮಾಡುವವರಿಗೆ ತಪ್ಪು ಮಾಡುತ್ತಿದ್ದೇವೆ ಎಂದು ಆ ಹೊತ್ತಿಗೆ ಗೊತ್ತಾದರೆ ಎಷ್ಟು ಚೆನ್ನಾಗಿತ್ತು!

ಅಂದಿನ ಪಾಠ ಹೆಸರುಗಳ ಮೇಲೆ. ಪ್ರತಿಯೊಬ್ಬರೂ ತಮ್ಮ ಹೆಸರಿನ ಬೇರನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಮೂಲೆಯಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿದ ಜ್ಯೋತ್ಸ್ನಾಳ ಫೋನು ಎಲ್ಲವನ್ನೂ ರೆಕಾರ್ಡ್ ಮಾಡುತ್ತಿತ್ತು. ನೀಲಾ ಹೇಳಿದಳು, ದುರ್ಗೇಶ ಹೇಳಿದ. ಆಮೇಲೆ ಜ್ಯೋತ್ಸ್ನಾ ಅವನ ಕಡೆ ತಿರುಗಿದಳು.

"ಈಗ ಕಾಗಿನೆಲ್ಲಿ ಅವರ 'ಟಿ'! ಇವತ್ತ ನಾ ಬಿಡಂಗಿಲ್ಲ."

"ಅದೊಂದು ಬಿಡ್ರಿ ಮೇಡಮ್ಮರ..."

"ಯಾಕ್ರಿ, ಅಷ್ಟು ಗುಟ್ಟು?"

ಪಾಪ, ಅವಳಿಗೆ ಬೇಕಾಗಿದ್ದು ಆ ಹೆಸರು ಮಾತ್ರ. ದಿನವೂ ಮನಸ್ಸಿನಲ್ಲಿ ಕರೆಯಲು ಅವಳ ಬಳಿ ಇದ್ದದ್ದು ಒಂದು ಅಡ್ಡಹೆಸರು, ಎರಡು ಅಕ್ಷರ. ಅವಳಿಗೆ ಪೂರ್ತಿ ಹೆಸರು ಬೇಕಿತ್ತು.

ಅವನು ಎದ್ದು ನಿಂತ. ಮೆಲ್ಲಗೆ ಹೇಳಿದ. "ತಿರಕಪ್ಪ."

ಕ್ಲಾಸಿನಲ್ಲಿ ಯಾರೋ ಕಿಸಕ್ಕೆಂದರು. ಮತ್ತೆ... ಜ್ಯೋತ್ಸ್ನಾ ನಕ್ಕುಬಿಟ್ಟಳು. ತಡೆಯಿಲ್ಲದೆ, ಬಾಯ್ತುಂಬ!

"ತಿರಕ ಅಂದ್ರ ತಿರಕೊಂಡು ತಿನ್ನಾಂವ! ಬೆಗ್ಗರ್! ಬ್ಯಾಡಗಿ ಸಾಹುಕಾರ್ರ ಹೆಸರು ಭಿಕ್ಷುಕ! ಅಯ್ಯೋ ದೇವರ, ನಿಮಗ ಈ ಹೆಸರು ಇಟ್ಟವರು ಭಾಳ ತಮಾಷಿ ಮಂದಿ ಇರಬೇಕು!"

"ಇರಬೇಕ್ರಿ" ಎಂದು ಅವನೂ ನಕ್ಕ. ಕೂತ. ಆ ದಿನ ಮತ್ತೆ ಬಾಯಿ ತೆರೆಯಲಿಲ್ಲ.

ಅವಳು ಅದನ್ನೂ ಗಮನಿಸಲಿಲ್ಲ! ಸಂಜೆ ಬಸ್ಸಿನಲ್ಲಿ ಕೂತು ಆ ತುಣುಕನ್ನು ಕತ್ತರಿಸಿ, ಹಿಂದೆ ಒಂದು ನಗೆಯ ಮ್ಯೂಸಿಕ್ ಸೇರಿಸಿ ಹಾಕಿಯೇಬಿಟ್ಟಳು. ಅವನನ್ನು ಒಂದು ಮಾತು ಕೇಳಲಿಲ್ಲ. ಅವಳ ಪಾಲಿಗೆ ಅದು ಪ್ರೀತಿಯ ಕೀಟಲೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ.

ವಾರದ ಕೊನೆಗೆ ನೀಲಾ ತಡವರಿಸುತ್ತ ಬಂದಳು. "ಮೇಡಂ, ನಮ್ಮ ಮಾವ ಬ್ಯಾಡಗಿ ಮಾರ್ಕೆಟ್‌ನಾಗ ಅದಾರ್ರಿ. ಅಲ್ಲಿ ಎಲ್ಲಾರ ಫೋನಿನಾಗ ನಿಮ್ಮ ವಿಡಿಯೋ ಐತಂತ. ನಿನ್ನೆ ಒಬ್ಬಾಂವ ಕಾಗಿನೆಲ್ಲಿ ಸರ್ ಮುಂದ ಟಾವೆಲ್ ಹಾಸಿ, 'ತಿರಕಪ್ಪಗ ಧರ್ಮ ಮಾಡ್ರೋ' ಅಂತ ಕೂಗಿದನಂತ್ರಿ. ಎಲ್ಲಾರೂ ನಕ್ಕರಂತ..."

ಜ್ಯೋತ್ಸ್ನಾಳ ಕೈಯಲ್ಲಿದ್ದ ಡಸ್ಟರ್ ಜಾರಿತು.

ಕೂಡಲೇ ವಿಡಿಯೋ ಅಳಿಸಿದಳು. ಅಳಿಸಿದರೇನು ಬಂತು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು! ಅವನಿಗೆ ಮೆಸೇಜು ಹಾಕಿದಳು. 'ಸಾರಿ. ತಮಾಷೆಗೆ ಮಾಡಿದ್ದು. ದಯವಿಟ್ಟು ಕ್ಲಾಸಿಗೆ ಬನ್ನಿ.' ಅವನು ಓದಿದ. ಉತ್ತರ ಬರೆಯಲಿಲ್ಲ.

'ಒಂದು ನಗೆಗೆ ಇಷ್ಟು ಮುನಿಸೇ?' ಎಂದು ಸಿಟ್ಟು ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ. ಅವನಿಲ್ಲದ ಬೆಂಚು ಕಂಡಾಗೆಲ್ಲ ತನ್ನದೇ ನಗೆ ಕಿವಿಯಲ್ಲಿ ಕೇಳಿಸುತ್ತಿತ್ತು.

ಮುಂದಿನ ವಾರ ಪಾಠಕ್ಕೆ 'ರಿಮೋರ್ಸ್' ಪದವಿತ್ತು. ಮಾಡಿದ್ದಕ್ಕೆ ಪಶ್ಚಾತ್ತಾಪ. ಅದರ ಬೇರು, 'ಮತ್ತೆ ಮತ್ತೆ ಕಚ್ಚುವುದು'. ಬೋರ್ಡಿನ ಮೇಲೆ ಅರ್ಧ ಬರೆದವಳು ಅಲ್ಲೇ ನಿಂತಳು. ತಲೆನೋವು ಎಂದು ಸುಳ್ಳು ಹೇಳಿ ಅಂದಿನ ಕ್ಲಾಸು ಬಿಟ್ಟಳು.

* * *

ಭಾನುವಾರ ಬೆಳಿಗ್ಗೆ ಅಪ್ಪ ಕರೆದರು. ಮನೆಯ ಮುಂದಿನ ಕೋಣೆಯೇ ಅವರ ಆಫೀಸು.

"ಜ್ಯೋತಿ, ಕಟ್ಟಿ ಮ್ಯಾಲ ಒಬ್ಬ ಹಿರಿಯಾರು ಕುಂತಾರ, ನೀರು ಕೊಡವಾ."

ತಂಬಿಗೆ ಹಿಡಿದು ಆಫೀಸು ದಾಟುವಾಗ ಅವಳ ಕಾಲು ಅಲ್ಲೇ ಹೂತುಹೋಯಿತು. ಅಪ್ಪನ ಎದುರು ಅವನು ಕೂತಿದ್ದ!

ಅವನೂ ನೋಡಿದ. ಅವಳು ಈ ಮನೆಯ ಮಗಳೆಂದು ಅವನಿಗೂ ಆಗಷ್ಟೇ ತಿಳಿದಿರಬೇಕು. ಎದ್ದು ಹೋಗುತ್ತಾನೇನೋ ಅಂದುಕೊಂಡಳು. ಅವನು ಏಳಲಿಲ್ಲ. ಮುಖ ತಿರುಗಿಸಿ ಅಪ್ಪನಿಗೆ ಹೇಳಿದ.

"ಬರಕೋರಿ. ಹಳೇ ಹೆಸರು ತಿರಕಪ್ಪ. ಹೊಸಾ ಹೆಸರು ವೀರೇಂದ್ರ."

"ಕಾರಣ ಏನಂತ ಬರೀಲಿ?"

"ಮಂದಿಗೆ ನಗಿ ಬರ್ತೈತ್ರಿ. ಅಷ್ಟ."

"ಅಫಿಡವಿಟ್ ಟೈಪ್ ಮಾಡಿಸಿ ಇಟ್ಟಿರ್ತೇನಿ. ಬುಧವಾರ ಬಂದು ಸಹಿ ಮಾಡ್ರಿ. ಆಮ್ಯಾಲ ಪೇಪರಿಗೆ ಜಾಹೀರಾತು ಕೊಟ್ರ ಮುಗೀತು."

ಜ್ಯೋತ್ಸ್ನಾ ಹೇಗೆ ಹೊರಗೆ ಬಂದಳೋ ಅವಳಿಗೇ ತಿಳಿಯದು. ಕಟ್ಟೆಯ ಮೇಲೆ ಇಳಕಲ್ ಸೀರೆಯ ಹೆಂಗಸೊಬ್ಬಳು ಕಂಬಕ್ಕೊರಗಿ ಕೂತಿದ್ದಳು. ಅವನ ತಾಯಿ ಚೌಡವ್ವ. ಕಣ್ಣು ಅತ್ತು ಕೆಂಪಾಗಿತ್ತು.

"ಯಾಕ್ರಿ ಅಮ್ಮಾರ, ಆರಾಮಿಲ್ಲೇನ್ರಿ?"

"ಮೈಗೆ ಏನಾಗಿಲ್ಲವ್ವ." ಚೌಡವ್ವ ನೀರು ಕುಡಿದು ಸೆರಗಿನಲ್ಲಿ ಬಾಯೊರೆಸಿಕೊಂಡಳು. "ಮಗ ಹೆಸರು ಬದಲಿ ಮಾಡಾಕತ್ತಾನ. ಬ್ಯಾಡೋ ಅಂದ್ರ ಕೇಳವಲ್ಲ. ಅದು ಬರೇ ಹೆಸರಲ್ಲವ್ವ ಅದು..."

ಜ್ಯೋತ್ಸ್ನಾ ಮೆಲ್ಲನೆ ಪಕ್ಕದಲ್ಲಿ ಕೂತಳು.

"ಇವನಕಿಂತ ಮೊದಲ ಎರಡು ಹಡದಿದ್ದೆ. ಎರಡೂ ಉಳೀಲಿಲ್ಲ. ಒಂದು ನಗಾಕ ಕಲತಿತ್ತವ್ವ... ಆವಾಗ ಹೋತು." ಚೌಡವ್ವನ ಬೆರಳು ಸೆರಗಿನ ಅಂಚನ್ನು ಸುತ್ತಿ ಬಿಚ್ಚುತ್ತಿತ್ತು. "ಇಂವ ಹುಟ್ಟಿದಾಗ ನಮ್ಮತ್ತಿ ಅಂದ್ಲು, ಚೌಡಿ, ಇದು ನಿನ್ನ ಕೂಸು ಅಂತ ಅನಬ್ಯಾಡ, ಬೇಡಿ ತಂದಿದ್ದು ಅನ್ನು ಅಂತ. ಹಸಿ ಬಾಣಂತಿ ನಾನು, ಸಾಹುಕಾರ್ರ ಸೊಸಿ. ಕೂಸಿನ ಎತಕೊಂಡು ಐದು ಮನಿ ಮುಂದ ಉಡಿ ಒಡ್ಡಿದೆ. ಮೊದಲನೇ ಮನಿ ನಮ್ಮ ಹಸೀನಾಬಿದು. ಆಕಿ ಒಂದು ಬೊಗಸಿ ಜೋಳ ಹಾಕಿ, ತನ್ನ ಮಗನ ಹಳೇ ಅಂಗಿ ಕೊಟ್ಲು. ಆ ಅಂಗಿ ತೊಡಿಸಿ, ಕದರಮಂಡಲಗಿ ಹನಮಪ್ಪನ ಮುಂದ ಮಲಗಿಸಿ ಹೆಸರು ಇಟ್ವಿ. ತಿರದು ತಂದ ಕೂಸು, ತಿರಕಪ್ಪ. ಭಿಕ್ಷಾದ ಕೂಸಿನ ಮ್ಯಾಲ ಸಾವು ಆಸೆ ಪಡೂದಿಲ್ಲಂತ..."

ಜ್ಯೋತ್ಸ್ನಾಳಿಗೆ ತನ್ನದೇ ಮಾತು ನೆನಪಾಯಿತು.

'ನಿಮಗ ಈ ಹೆಸರು ಇಟ್ಟವರು ಭಾಳ ತಮಾಷಿ ಮಂದಿ ಇರಬೇಕು!'

ಲ್ಯಾಟಿನ್ನಿನ ಬೇರು, ಗ್ರೀಕಿನ ಬೇರು ಅಗೆದು ತೋರಿಸುವವಳು, ಎದುರಿಗೆ ಕೂತವನ ಹೆಸರಿನ ಬೇರು ಕೇಳುವ ಮೊದಲೇ ನಕ್ಕಿದ್ದಳು! ಆ ಬೇರಿನಲ್ಲಿ ಇದ್ದದ್ದು ಒಬ್ಬ ತಾಯಿ ಒಡ್ಡಿದ ಮಡಿಲು.

"ಈಗ ಯಾವಾಕಿನೋ ಇಂಗ್ಲಿಷ್ ಕಲಸಾಕಿ ಫೋನಿನಾಗ ನಕ್ಕಾಳಂತ" ಎಂದಳು ಚೌಡವ್ವ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜ್ಯೋತ್ಸ್ನಾಳ ಕೈ ತಾನಾಗಿ ತನ್ನ ಬಾಯಿ ಮುಚ್ಚಿಕೊಂಡಿತು.

"ಆಕಿಗೆ ಬೈಯಂಗಿಲ್ಲ ನಾನು. ಸಣ್ಣ ಹುಡುಗಿ, ಏನು ಗೊತ್ತಿರತೈತಿ. ಆದ್ರ ಹರಕಿ ಹೆಸರು ಬಿಟ್ರ... ನನ್ನ ಎದಿ ಹೊಡಕೋತೈತವ್ವ. ನಿನ್ನ ಹೆಸರೇನು?"

"ಜ್ಯೋತ್ಸ್ನಾ."

"ಹಂಗಂದ್ರ?"

"ಬೆಳದಿಂಗಳು ಅಂತ್ರಿ..."

"ಚಂದನ ಹೆಸರು. ನಿಮ್ಮವ್ವ ಭಾಳ ಪ್ರೀತಿಲೆ ಇಟ್ಟಾಳ."

'ಹೇಳು! ಈಗಲೇ ಹೇಳು! ಆ ಹುಡುಗಿ ನಾನೇ ಎಂದು ಹೇಳು!' ಅವಳ ಮನಸ್ಸು ಕೂಗಿಕೊಂಡಿತು. ನಾಲಿಗೆ ಏಳಲಿಲ್ಲ.

ಅಷ್ಟರಲ್ಲಿ ಅವನು ಹೊರಗೆ ಬಂದ. ತಾಯಿಯ ಪಕ್ಕ ಅವಳು ಕೂತಿದ್ದನ್ನು ಕಂಡು ನಿಂತ.

"ಭಾಳ ಚೊಲೋ ಹುಡುಗಿ ನೋಡೋ. ನಿನಗ ಪರಿಚಯ ಐತೇನು?" ಕೇಳಿದಳು ಚೌಡವ್ವ.

ಜ್ಯೋತ್ಸ್ನಾ ತಲೆ ಎತ್ತಿದಳು. ಅವನು ಬಾಯಿಬಿಟ್ಟರೆ ಸಾಕಿತ್ತು, ಅವಳ ಬಣ್ಣ ಬಯಲಾಗುತ್ತಿತ್ತು.

"ಇಲ್ಲವ್ವ" ಎಂದ. "ನಡಿ, ಬಸ್ ಹೋಕ್ಕೈತಿ."

ಅವಳನ್ನು ಉಳಿಸಲು ಆಡಿದ ಮಾತು ಅದು. ಜ್ಯೋತ್ಸ್ನಾಳಿಗೆ ಮಾತ್ರ 'ನೀನು ನನಗೆ ಯಾರೂ ಅಲ್ಲ' ಎಂದು ಕೇಳಿಸಿತು. ಗೇಟು ಮುಚ್ಚಿದ ಮೇಲೂ ಅವಳು ಖಾಲಿ ತಂಬಿಗೆ ಹಿಡಿದು ಅಲ್ಲೇ ಕೂತಿದ್ದಳು.

* * *

ಸೋಮವಾರ ಕ್ಲಾಸಿಗೆ ಹೋಗಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಫೋನಿನ ಮುಂದೆ ಕೂತಳು. ಆ ಹೆಸರಿನ ನಿಜವಾದ ಕಥೆಯನ್ನು ಎಲ್ಲರಿಗೂ ಹೇಳಿ ಕ್ಷಮೆ ಕೇಳುವ ವಿಡಿಯೋ ಮಾಡಿದಳು. ಅಳುತ್ತಲೇ ಮಾಡಿದಳು. ಚೆನ್ನಾಗಿಯೂ ಬಂದಿತ್ತು.

ಹಾಕಬೇಕೆಂದು ಬೆರಳು ಮುಂದೆ ಮಾಡಿದವಳು ಗಕ್ಕನೆ ನಿಂತಳು.

'ಆ ತಾಯಿಯನ್ನು ಕೇಳಿದೆಯಾ? ಸತ್ತ ಮಕ್ಕಳ ಮಾತು ಅದು. ಮೊದಲು ಮಗನನ್ನು ಕೇಳದೆ ನಕ್ಕೆ. ಈಗ ತಾಯಿಯನ್ನು ಕೇಳದೆ ಅಳುತ್ತೀಯಾ? ಎರಡರಲ್ಲೂ ನೋಡುವವರಿಗೆ ಕಾಣುವುದು ನಿನ್ನ ಮುಖವೇ ಅಲ್ಲವೇನೇ!'

ಅಳಿಸಿಬಿಟ್ಟಳು.

ಮಂಗಳವಾರ ಮಧ್ಯಾಹ್ನ ಬ್ಯಾಡಗಿಯಲ್ಲಿ ಬಸ್ಸಿಳಿದಾಗ ಅವಳ ಕೈಯಲ್ಲಿ ಫೋನೂ ಇರಲಿಲ್ಲ. ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದಳು. ದಾರಿ ಕೇಳುತ್ತ ಕೇಳುತ್ತ ಕಾಗಿನೆಲ್ಲಿಯವರ ಮನೆ ಮುಟ್ಟಿದಳು.

ಅಂಗಳದ ತುಂಬ ಮೆಣಸಿನಕಾಯಿ ಕೆಂಪಗೆ ಹರಡಿತ್ತು. ಹತ್ತಾರು ಹೆಂಗಸರು ಸುತ್ತ ಕೂತು ತೊಟ್ಟು ಮುರಿಯುತ್ತಿದ್ದರು. ಚೌಡವ್ವನೂ ಅವರ ನಡುವೆ ಇದ್ದಳು.

"ಅಯ್ಯ, ವಕೀಲರ ಮಗಳು! ಬಾರವ್ವ, ಕುಂದ್ರು ಬಾ. ಹಸೀನಾಬಿ, ಇಕಿನ ನೋಡು ನಾ ಹೇಳಿದ ಹುಡುಗಿ, ಬೆಳದಿಂಗಳು!"

"ಕುಂದ್ರಂಗಿಲ್ರಿ." ಜ್ಯೋತ್ಸ್ನಾ ಅಂಗಳದ ಅಂಚಿನಲ್ಲೇ ನಿಂತಳು. "ನಾ ಹೇಳೋದು ಕೇಳಿದ ಮ್ಯಾಲೂ ನೀವು ಕುಂದ್ರು ಅಂದ್ರ ಕುಂದ್ರತೇನಿ. ಫೋನಿನಾಗ ನಕ್ಕ ಆ ಹುಡುಗಿ... ನಾನರಿ. ನಿಮ್ಮ ಮಗನ ಹೆಸರು ಕೇಳಿ ನಕ್ಕಾಕಿ ನಾನ. ಅದನ್ನ ಊರಿಗೆಲ್ಲ ತೋರಿಸಿದಾಕಿ ನಾನ!"

ತೊಟ್ಟು ಮುರಿಯುತ್ತಿದ್ದ ಕೈಗಳೆಲ್ಲ ನಿಂತವು.

"ಅವತ್ತ ಕಟ್ಟಿ ಮ್ಯಾಲ ಯಾಕ ಹೇಳಲಿಲ್ಲ?" ಚೌಡವ್ವನ ಮುಖದಲ್ಲಿ ಈಗ ನಗು ಇರಲಿಲ್ಲ.

"ಅಂಜಿದೆ. ನೀವು ನನ್ನ ಹೆಸರು ಚಂದ ಐತಿ ಅಂದ್ರಿ... ಆಮ್ಯಾಲ ಬಾಯಿ ಬರಲಿಲ್ರಿ. ಬೈರಿ, ಹೊಡೀರಿ. ಆದ್ರ ಆ ಹೆಸರು ಬದಲಿ ಆಗೋದು ಬ್ಯಾಡ. ನನ್ನ ಒಂದು ಹುಚ್ಚ ನಗಿಗೆ ನಿಮ್ಮ ಹರಕಿ ಮುರೀಬಾರದು. ನಾ ಹೆಂಗ ಬದುಕ್ಲಿ ಅಂಥಾ ಪಾಪ ಹೊತಕೊಂಡು?"

ಚೌಡವ್ವ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ರಾಶಿಗೆ ಹಾಕಿದಳು.

"ಸಾಲಿಗೆ ಹೋಗೂಮುಂದ ಹುಡುಗರು ನಕ್ಕಾರ, ಮಾರ್ಕೆಟ್‌ನಾಗ ಮಂದಿ ನಕ್ಕಾರ. ನನ್ನ ಮಗ ಹೆಸರು ಬಿಡ್ತೇನಿ ಅಂದಿರಲಿಲ್ಲ. ಇದೊಂದು ಸಲ ಯಾಕ ಅಂದ ಅಂತ ನನಗ ತಿಳಿದಿರಲಿಲ್ಲ" ಎಂದಳು ನಿಧಾನವಾಗಿ. "ಈಗ ತಿಳೀತು. ಅವತ್ತ ನಿನ್ನ ಪರಿಚಯ ಇಲ್ಲಂತ ನನ್ನ ಮುಂದ ಸುಳ್ಳು ಹೇಳ್ಯಾನ. ನಕ್ಕಾಕಿ ನೀನು, ಅದಕ್ಕ."

ಜ್ಯೋತ್ಸ್ನಾ ತಟ್ಟನೆ ತಲೆ ಎತ್ತಿದಳು.

"ಅವ್ವಾ, ಮನ್ಯಾಗ ಯಾರು ಬಂದಾರ..." ಎನ್ನುತ್ತ ಬಾಗಿಲು ದಾಟಿದ ಅವನು ಅವಳನ್ನು ಕಂಡು ಅಲ್ಲೇ ನಿಂತ. ಅಂದಿನಂತೆಯೇ ಮೊಣಕೈ ತನಕ ಕೆಂಪು ಧೂಳು.

"ಎಲ್ಲಾ ಹೇಳಿಬಿಟ್ಟೇನಿ" ಎಂದಳು ಅವಳು. "ನಾಳೆ ಸಹಿ ಮಾಡಬ್ಯಾಡ್ರಿ."

"ಯಾಕ್ರಿ? ವೀರೇಂದ್ರ ಚೊಲೋ ಹೆಸರು. ಕರಿಯಾಕ ಯಾರಿಗೂ ನಾಚಿಕಿ ಆಗಂಗಿಲ್ಲ." ಅವನ ಮಾತಿನಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. "ಮಂದಿ ನಕ್ಕರ ನನಗ ಏನೂ ಅನಸೂದಿಲ್ಲ ಮೇಡಮ್ಮರ. ಆದ್ರ ನಾಳೆ ನನ್ನ ಕೈ ಹಿಡಿಯಾಕಿ ನಾಕು ಮಂದ್ಯಾಗ ಗಂಡನ ಹೆಸರು ಹೇಳಬೇಕಾದಾಗ... ಆಕಿ ನಗಬಾರದು. ತಲಿ ತಗ್ಗಿಸಬಾರದು. ಅದನ್ನ ತಡಕೊಳ್ಳಾಕ ಆಗಂಗಿಲ್ಲ ನನಗ."

ನಡುವೆ ಬಾಯಿ ಹಾಕಿದವಳು ಹಸೀನಾಬಿ. ಮೊದಲ ಬೊಗಸೆ ಜೋಳ ಹಾಕಿದವಳಲ್ಲವೇ, ಅವಳಿಗೆ ಆ ಹಕ್ಕಿತ್ತು.

"ಅದಕ್ಯಾಕ ಕೋರ್ಟು ಕಚೇರಿ? ಆ ಹುಡುಗಿ ಇಲ್ಲೇ ನಿಂತಾಳಲ್ಲ! ಹೇಳಲಿ. ಹಂಗ ಅಲ್ಲ, ಒಡಪು ಹಾಕಿ ಹೇಳಲಿ ನೋಡೋಣು!"

ಹೆಂಗಸರೆಲ್ಲ ಮುಸಿಮುಸಿ ನಕ್ಕರು. ಜ್ಯೋತ್ಸ್ನಾಳ ಮುಖ ಅಂಗಳದ ಬಣ್ಣಕ್ಕೇ ತಿರುಗಿತು! ಈ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆಯ ದಿನ ಹೊಸ್ತಿಲ ಮುಂದೆ ಎಲ್ಲರೂ ಅಡ್ಡಗಟ್ಟಿದಾಗ, ಪ್ರಾಸ ಕಟ್ಟಿ, ಅದರ ಕೊನೆಗೆ ಹೆಸರು ಸೇರಿಸಿ ಹೇಳಬೇಕು. ಮದುವೆಯಾಗದ ಹುಡುಗಿ ಒಬ್ಬನ ಹೆಸರಿಗೆ ಒಡಪು ಹಾಕಿದಳೆಂದರೆ ಅದಕ್ಕೆ ಬೇರೆ ಅರ್ಥವಿಲ್ಲ. ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವಂತೆಯೂ ಇಲ್ಲ.

"ಬ್ಯಾಡ ಚಾಚಿ, ಅವರಿಗೆ ಒತ್ತಾಯ ಮಾಡಬ್ಯಾಡ್ರಿ..." ಅವನು ಗಾಬರಿಯಾಗಿ ನಡುವೆ ಬಂದ.

"ನೀವು ಸುಮ್ಮನಿರ್ರಿ" ಎಂದಳು ಜ್ಯೋತ್ಸ್ನಾ.

ಕಣ್ಣೊರೆಸಿಕೊಂಡಳು. ದುಪಟ್ಟಾವನ್ನು ತಲೆ ಮೇಲೆ ಎಳೆದುಕೊಂಡಳು. ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ಮಾತಾಡುವವಳಿಗೆ ಈ ನಾಲ್ಕು ಸಾಲು ಹುಟ್ಟಲು ಎಷ್ಟು ಹೊತ್ತು ಹಿಡಿಯಿತು! ಯಾರೂ ಅವಸರ ಮಾಡಲಿಲ್ಲ.

"ಶ್ರಾವಣದ ಹೋಳಿಗಿಗೆ ಬೇಕು ಬೆಳ್ಳಿ ಬಟ್ಟಲ ತುಪ್ಪ,
ಬೇರು ಕೇಳದ ನಕ್ಕಿದ್ದು ನಂದ ತಪ್ಪ,
ಅವ್ವ ಐದು ಮನಿ ಬೇಡಿ ತಂದ ಹೆಸರು
ನನ್ನ ಬಾಯಾಗ ಬಾಳಲಿ... ತಿರಕಪ್ಪ."

ಕೊನೆಯ ಪದಕ್ಕೆ ಅವಳ ಧ್ವನಿ ಒಡೆಯಿತು. ಆದರೆ ತಲೆ ತಗ್ಗಲಿಲ್ಲ.

ಯಾರೂ ನಗಲಿಲ್ಲ. ಹಸೀನಾಬಿ ಕೈಯ ಖಾರ ಮರೆತು ಕಣ್ಣುಜ್ಜಿಕೊಂಡು, "ಯಾ ಅಲ್ಲಾ, ಉರಿ!" ಎಂದು ಕೂಗಿದಾಗ ಎಲ್ಲರೂ ಅಳುತ್ತಲೇ ನಕ್ಕರು. ಚೌಡವ್ವ ಎದ್ದು ಬಂದು ಜ್ಯೋತ್ಸ್ನಾಳ ಗಲ್ಲ ಹಿಡಿದಳು.

"ಈಗ ಕುಂದ್ರವ್ವ" ಎಂದಳು. ಅಷ್ಟೇ.

ಅವನು ಮಾತ್ರ ನಿಂತಲ್ಲೇ ನಿಂತಿದ್ದ. ಆಮೇಲೆ ಜೇಬಿನಿಂದ ಫೋನು ತೆಗೆದು ಹಾವೇರಿಗೆ ಹಚ್ಚಿದ.

"ವಕೀಲ ಸಾಹೇಬ್ರ, ನಾಳೆ ಸಹಿ ಮಾಡಾಕ ಬರಂಗಿಲ್ರಿ. ಆ ಕಾಗದ ಹರದು ಹಾಕ್ರಿ... ಇಲ್ರಿ, ಬರೂದು ಬರ್ತೇವಿ. ಬ್ಯಾರೆ ಮಾತು ಐತಿ. ಅವ್ವನ್ನ ಕರಕೊಂಡು ಬರ್ತೇನಿ."

"ಅಪ್ಪಗ ಈಗ ಯಾಕ...!" ಜ್ಯೋತ್ಸ್ನಾ ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಹೆಂಗಸರು ಮತ್ತೆ ಕೆಲಸಕ್ಕೆ ಕೂತರು, ಅಥವಾ ಕೂತಂತೆ ಮಾಡಿದರು. ಅವನು ಹತ್ತಿರ ಬಂದ.

"ನನ್ನ ಮ್ಯಾಲಿನ ಸಿಟ್ಟು ಹೋತೇನ್ರಿ?" ಕೇಳಿದಳು ಅವಳು, ನೆಲ ನೋಡುತ್ತ.

"ಸಿಟ್ಟು ಇರಲಿಲ್ರಿ. ನನಗ ಸೋತಂಗ ಆಗಿತ್ತು, ಅಷ್ಟ." ಆಮೇಲೆ ಕೇಳಿದ, "ಮಾಡಿದ ತಪ್ಪು ತೀರಿಸೂದಕ್ಕ ಇಂಗ್ಲಿಷಿನಾಗ ಏನಂತಾರ್ರಿ?"

"ಅಟೋನ್."

"ಅದರ ಬೇರು?"

"ಆಟ್... ವನ್. ದೂರ ಆದವರು ಒಂದಾಗೂದು."

ಅವನು ಆ ಪದವನ್ನು ಬಾಯಲ್ಲೇ ಒಮ್ಮೆ ಹೇಳಿ ನೋಡಿದ. "ಹಂಗಾದ್ರ ನಿಧಾನಕ್ಕ ತೀರಸ್ರಿ. ಜನ್ಮ ಪೂರ್ತಿ ಹಿಡದ್ರೂ ನನ್ನ ತಕರಾರು ಇಲ್ಲ."

ಜ್ಯೋತ್ಸ್ನಾಳ ಕಣ್ಣಿಂದ ಮತ್ತೆ ನೀರಿಳಿಯಿತು.

"ಯಾಕ್ರಿ, ಘಾಟು ಆತೇನು?"

"ಹ್ಞೂಂ... ಭಾಳ."

"ಇನ್ನೊಮ್ಮೆ ಹೆಸರು ಹೇಳ್ರಿ."

"ಎಲ್ಲಾರೂ ಅದಾರ..."

"ಒಡಪು ಬ್ಯಾಡ. ಸುಮ್ನ ಹೇಳ್ರಿ. ನನಗಷ್ಟ ಕೇಳೂವಂಗ."

ಅವಳು ಅತ್ತಿತ್ತ ನೋಡಿದಳು. ಮೆಲ್ಲಗೆ, ಯಾವ ನಗುವೂ ಇಲ್ಲದೆ, ಅವನನ್ನು ಕರೆದಳು.

"ತಿರಕಪ್ಪ..."

"ಓ..." ಎಂದ ಅವನು.